ಹಳೆಯ ಕಟ್ಟಡ ನೋಡಲು ಪುದುಚೇರಿಯೋ, ತರಂಗಂಬಾಡಿಯೋ?

ಒಂದೇ ದಿನ ಕೈಯಲ್ಲಿದ್ದರೆ ತಮಿಳುನಾಡಿನ ಕಡಲತಡಿಯ ಪುಟ್ಟ ಊರು ತರಂಗಂಬಾಡಿಗೆ ಹೋಗಿ. ಡೇನರ (ಡೆನ್ಮಾರ್ಕಿನವರ) 1620ರ ಡ್ಯಾನ್ಸ್‌ಬೋರ್ಗ್ ಕೋಟೆ, 1792ರ ಊರಬಾಗಿಲು, ಅಲ್ಲಿಂದ ಕಡಲತ್ತ ಸಾಗುವ ರಾಜಬೀದಿ, ಅದೇ ಬೀದಿಯಲ್ಲಿ 1718ರ ನ್ಯೂ ಜೆರುಸಲೇಮ್ ಚರ್ಚು. ನಿಧಾನವಾಗಿ ನಡೆದರೂ ಅರ್ಧ ದಿನ ಸಾಕು. ನನ್ನನ್ನು ಹಿಡಿದು ನಿಲ್ಲಿಸುವುದು ಮಾತ್ರ ಕೋಟೆಯಲ್ಲ, ದಂಡೆಯ ಮಾಸಿಲಾಮಣಿನಾಥರ್ ಗುಡಿ. ಡೇನರು ಬರುವ ಮುನ್ನೂರು ವರ್ಷ ಮೊದಲೇ ಇದ್ದ ಈ ಗುಡಿಯ ಮುಂಭಾಗವನ್ನು ಕಡಲು ನುಂಗಿಬಿಟ್ಟಿದೆ.

ಪುದುಚೇರಿಗೆ ಕನಿಷ್ಠ ಎರಡು ದಿನ ಬೇಕು. 1761ರಲ್ಲಿ ಬ್ರಿಟಿಷರು ಫ್ರೆಂಚರ ಕೈಲಿದ್ದ ಈ ಊರನ್ನೇ ನೆಲಸಮ ಮಾಡಿದ್ದರಿಂದ, ಈಗ ಕಾಣುವುದೆಲ್ಲ ಹೆಚ್ಚುಕಡಿಮೆ ಆಮೇಲಿನದು. ಊರನ್ನು ಎರಡಾಗಿ ಸೀಳುವ ಕಾಲುವೆಯ ಪೂರ್ವಕ್ಕೆ ಫ್ರೆಂಚರ ಬೀದಿಗಳು: ಎತ್ತರದ ಕಾಂಪೌಂಡು, ಕಮಾನಿನ ಗೇಟು, ಹಳದಿ ಬಳಿದ ಗೋಡೆ. ಎಲ್ಲರೂ ಫೋಟೊ ತೆಗೆಯುವುದು ಇಲ್ಲೇ. ದಯವಿಟ್ಟು ಕಾಲುವೆ ದಾಟಿ ಪಶ್ಚಿಮಕ್ಕೂ ಬನ್ನಿ. ಅಲ್ಲಿನ ತಮಿಳು ಮನೆಗಳು ಬೀದಿಗೇ ಜಗಲಿ ಚಾಚಿ ಕೂತಿವೆ, ಒಳಗೆ ನಮ್ಮ ತೊಟ್ಟಿಮನೆಯಂತೆ ಅಂಗಳ. ಕೆಲವು ಮನೆಗಳಲ್ಲಿ ಕೆಳಗೆ ಮರದ ಕಂಬ, ಹೆಂಚಿನ ಚಾಚು. ತಲೆಯೆತ್ತಿದರೆ ಮಹಡಿಯಲ್ಲಿ ಗಾರೆಯ ದುಂಡು ಕಂಬ, ಕಮಾನು ಕಿಟಕಿ. ಒಂದೇ ಗೋಡೆಯಲ್ಲಿ ಎರಡು ದೇಶ! ಇಂಥದ್ದು ತರಂಗಂಬಾಡಿಯಲ್ಲಿ ಸಿಗದು.

ಊಟ, ವಸತಿಗೆ ಪುದುಚೇರಿಯೇ ಸಲೀಸು, ಆದರೆ ವಾರಾಂತ್ಯದ ಜನಜಂಗುಳಿ ವಿಪರೀತ. ಕಟ್ಟಡದ ಮುಂದೆ ಸುಮ್ಮನೆ ನಿಂತು ನೋಡುವ ಆಸೆಯಿದ್ದವರು ತರಂಗಂಬಾಡಿಯನ್ನೇ ಆರಿಸಿಕೊಳ್ಳಿ. ಮನೆ ಕಟ್ಟುವ ಬಗೆಯಲ್ಲೇ ಆಸಕ್ತಿಯಿದ್ದರೆ ಮಾತ್ರ ಪುದುಚೇರಿ, ಅದೂ ವಾರದ ನಡುವೆ, ಬೆಳಗ್ಗೆ ಬೇಗ.