ಮಲೆನಾಡಿಗೆ ಅಗ್ಗದ ಚಾಕು ಸಾಕೇ?

ತೀರ್ಥಹಳ್ಳಿ, ಹೊಸನಗರದ ಕಡೆ ತೋಟದ ಕೆಲಸಕ್ಕೋ ತಿರುಗಾಟಕ್ಕೋ ಚಾಕು ಕೊಳ್ಳುವವರು ಸ್ವೀಡನ್ನಿನ ಎರಡು ಕಂಪನಿಗಳ ಚಾಕುಗಳನ್ನು ಹೋಲಿಸಿ ನೋಡಬಹುದು: ಅಗ್ಗದ ಮೋರಾ ಕಂಪ್ಯಾನಿಯನ್ ಮತ್ತು ಅದಕ್ಕಿಂತ ಹಲವು ಪಟ್ಟು ಬೆಲೆಯ ಫಾಲ್ಕ್‌ನಿವೆನ್ ಎಫ್1.

ಮೋರಾದ ಅಲಗಿನ ದಪ್ಪ ಸುಮಾರು 2.5 ಮಿ.ಮೀ. ಮಾತ್ರ, ಹಗ್ಗ ಕತ್ತರಿಸುವಾಗ, ಅಡಿಕೆ ಹಾಳೆ ಸೀಳುವಾಗ, ಗೂಟದ ತುದಿ ಚೂಪು ಮಾಡುವಾಗ ಅದು ದುಬಾರಿ ಚಾಕುವಿಗಿಂತ ಸಲೀಸಾಗಿ ಒಳಗಿಳಿಯುತ್ತದೆ. ಎಫ್1ರ ಅಲಗು 4.5 ಮಿ.ಮೀ. ದಪ್ಪವಿದ್ದು, ಅದರ ಉಕ್ಕು ಹಿಡಿಯ ತುದಿಯವರೆಗೂ ಹಾದುಹೋಗಿರುವುದರಿಂದ, ಬೆನ್ನಿನ ಮೇಲೆ ಬಡಿದು ಸೌದೆ ಸೀಳಿದರೂ ತಾಳುತ್ತದೆ. ಆದರೆ ಆ ಕೆಲಸಕ್ಕೆ ಕುಲುಮೆಯಲ್ಲಿ ಬಡಿದ ಕತ್ತಿ ನಮ್ಮ ಮನೆಗಳಲ್ಲಿ ಇದ್ದೇ ಇರುವಾಗ, ಅಷ್ಟು ಬಲಕ್ಕೆ ಹಣ ತೆರುವ ಅಗತ್ಯ ನನಗೆ ಕಾಣುವುದಿಲ್ಲ.

ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಂಥ ಕಡೆ ತುಕ್ಕಿನ ಪ್ರಶ್ನೆ ಬೆಲೆಗಿಂತ ದೊಡ್ಡದು. ಕಂಪ್ಯಾನಿಯನ್ ಕಾರ್ಬನ್ ಉಕ್ಕಿನಲ್ಲೂ ಸ್ಟೇನ್‌ಲೆಸ್‌ನಲ್ಲೂ ಸಿಗುತ್ತದೆ. ಹಸಿ ಅಡಿಕೆಯ ಚೊಗರು ತಗುಲಿದರೆ ಕಾರ್ಬನ್ ಅಲಗು ಕಪ್ಪಾಗುತ್ತದೆ, ಒರೆಸಿ ಎಣ್ಣೆ ಸವರದಿದ್ದರೆ ತುಕ್ಕೂ ಹಿಡಿಯುತ್ತದೆ, ಆದ್ದರಿಂದ ಮಳೆಗಾಲಕ್ಕೆ ಸ್ಟೇನ್‌ಲೆಸ್ ಆರಿಸಿಕೊಳ್ಳಿ. ಎಫ್1ರಲ್ಲಿ ಬಳಸಿದ ವಿಜಿ10 ಎಂಬ ಸ್ಟೇನ್‌ಲೆಸ್ ಉಕ್ಕು ಹರಿತವನ್ನು ಹೆಚ್ಚು ಕಾಲ ಉಳಿಸಿಕೊಳ್ಳುವುದು ನಿಜವಾದರೂ, ಮೋರಾವನ್ನು ಸಾಣೆಕಲ್ಲಿನ ಮೇಲೆ ಬೇಗ ಮಸೆಯಬಹುದು. ಯಾವ ಉಕ್ಕೆಂದೇ ತಿಳಿಸದೆ ಮಾರುವ ಹೆಸರಿಲ್ಲದ ಚಾಕುಗಳನ್ನು ಮಾತ್ರ, ಎಷ್ಟೇ ಅಗ್ಗವಾದರೂ, ಕೊಳ್ಳಬೇಡಿ.