ಹಳೆಯ ಫ್ಲ್ಯಾಟ್‌ನಿಂದ ಹುಟ್ಟಿದ ಬಾಲ: ಮಸುಕು ಗ್ಯಾಲಕ್ಸಿಗಳ ಚಿತ್ರ ತೆಗೆಯುವವರಿಗೊಂದು ಎಚ್ಚರಿಕೆ

ದೂರದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಮಸುಕಾದ ಗ್ಯಾಲಕ್ಸಿಗಳ ಚಿತ್ರ ತೆಗೆಯಲು ಹೊರಟಿರುವ ಎಲ್ಲರಿಗೂ ಮೊದಲೇ ಹೇಳಿಬಿಡುತ್ತೇನೆ: ಆ ಸಲದ ಫ್ಲ್ಯಾಟ್ ಚಿತ್ರಗಳನ್ನು (ಬೆಳಕಿನ ಏರುಪೇರು ಸರಿಪಡಿಸಲು ತೆಗೆಯುವ ಬಿಳಿ ಮೇಲ್ಮೈಯ ಚಿತ್ರಗಳು) ತೆಗೆಯದೆ ಕ್ಯಾಮೆರಾ ಬಿಚ್ಚಬೇಡಿ, ಹಳೆಯ ಫ್ಲ್ಯಾಟ್‌ಗಳನ್ನು ಹೊಸ ಚಿತ್ರಗಳಿಗೆ ಹಚ್ಚಬೇಡಿ. ನಾನು ಈ ಎರಡೂ ತಪ್ಪುಗಳನ್ನು ಮಾಡಿದೆ. ನಾಲ್ಕು ರಾತ್ರಿಗಳಲ್ಲಿ ಕೂಡಿಸಿದ 13 ತಾಸು 24 ನಿಮಿಷಗಳ ಬೆಳಕು ಕೆಲಸಕ್ಕೆ ಬಾರದಂತಾಯಿತು. ಅದಕ್ಕಿಂತ ಹೆಚ್ಚು ನೋವು ಕೊಟ್ಟ ಸಂಗತಿಯೆಂದರೆ, ನನ್ನ ಚಿತ್ರದಲ್ಲಿ ಇಲ್ಲದ ಒಂದು ವಸ್ತುವನ್ನು ಇದೆಯೆಂದು ನಂಬಿ, ಒಂದು ಶಾಲೆಯ ಮಕ್ಕಳ ಎದುರು ನಿಂತು ಬೆರಳಿಟ್ಟು ತೋರಿಸಿದೆ.

ನಾನಿರುವುದು ಕಲಬುರಗಿ ನಗರದಲ್ಲಿ. ಇಲ್ಲಿನ ಬೀದಿದೀಪಗಳ ನಡುವೆ ಮಸುಕು ಗ್ಯಾಲಕ್ಸಿಗಳ ಚಿತ್ರ ತೆಗೆಯುವುದು ಕಷ್ಟವಾದ್ದರಿಂದ, ಅಮಾವಾಸ್ಯೆಯ ಆಸುಪಾಸಿನಲ್ಲಿ ರಜೆ ಹೊಂದಿಸಿಕೊಂಡು ಚಿಂಚೋಳಿಯ ಕಡೆಗೆ, ಕಾಡಿನ ಅಂಚಿನಲ್ಲಿರುವ ಗೆಳೆಯನ ತೊಗರಿ ಹೊಲಕ್ಕೆ ಹೋಗುತ್ತೇನೆ. ಮಾರ್ಚ್ ತಿಂಗಳಿಗೆ ರಾಶಿ ಮುಗಿದು ಹೊಲ ಖಾಲಿಯಾಗಿರುತ್ತದೆ. ಎರೆಮಣ್ಣಿನಲ್ಲಿ ಟ್ರೈಪಾಡಿನ ಕಾಲು ಹೂತುಹೋಗದಂತೆ ಮೂರು ಶಹಾಬಾದ್ ಕಲ್ಲಿನ ತುಂಡುಗಳನ್ನು ಅಲ್ಲೇ ಇಟ್ಟಿದ್ದೇವೆ. ನನ್ನದು 150 ಮಿಲಿಮೀಟರ್ ಕನ್ನಡಿಯ, 750 ಮಿಲಿಮೀಟರ್ ಸಂಗಮ ದೂರದ ನ್ಯೂಟನ್ ಮಾದರಿಯ ದೂರದರ್ಶಕ. ಅದಕ್ಕೆ ಜೋಡಿಸುವುದು ಮನೆಯ ಸಮಾರಂಭಗಳಿಗೂ ಬಳಕೆಯಾಗುವ ಒಂದು ಡಿಎಸ್‌ಎಲ್‌ಆರ್ ಕ್ಯಾಮೆರಾ. ಕೊನೆಯ ಈ ಸಂಗತಿ ಮುಂದೆ ಮುಖ್ಯವಾಗುತ್ತದೆ.

ಕಳೆದ ವರ್ಷ ಯುಗಾದಿ ಅಮಾವಾಸ್ಯೆಯ ಹೊತ್ತಿಗೆ ನಾನು ಆರಿಸಿಕೊಂಡದ್ದು ಸಿಂಹ ರಾಶಿಯ ಮೂರು ಗ್ಯಾಲಕ್ಸಿಗಳ ಗುಂಪನ್ನು. ಎಂ 65, ಎಂ 66 ಮತ್ತು ಎನ್‌ಜಿಸಿ 3628 ಎಂಬ ಈ ಮೂರೂ ನಮ್ಮಿಂದ ಸುಮಾರು 3.5 ಕೋಟಿ ಜ್ಯೋತಿರ್ವರ್ಷ ದೂರದಲ್ಲಿವೆ. ಮೊದಲ ಎರಡನ್ನು ಫ್ರೆಂಚ್ ಖಗೋಳಜ್ಞ ಷಾರ್ಲ್ ಮೆಸ್ಸಿಯೆ 1780ರಲ್ಲಿಯೇ ಮಸುಕು ವಸ್ತುಗಳ ತನ್ನ ಪಟ್ಟಿಗೆ ಸೇರಿಸಿದ್ದ. ಮೂರನೆಯದರ ಬೆಳಕು ಉದ್ದಕ್ಕೆ ಹರಡಿಕೊಂಡು ತೆಳುವಾಗಿರುವುದರಿಂದ ಅದು ಅವನ ಪಟ್ಟಿಗೆ ಬರಲಿಲ್ಲ. ವಿಲಿಯಂ ಹರ್ಷೆಲ್ 1784ರಲ್ಲಿ ಅದನ್ನು ಕಂಡುಹಿಡಿದ. ಆ ಮೂರನೆಯ ಗ್ಯಾಲಕ್ಸಿಯ ಪೂರ್ವ ತುದಿಯಿಂದ ಒಂದು ಬಾಲ ಹೊರಟಿದೆ. ನೆರೆಯ ಗ್ಯಾಲಕ್ಸಿಯ ಗುರುತ್ವದ ಸೆಳೆತಕ್ಕೆ ಸಿಕ್ಕು ಹೊರಗೆ ಎಳೆಯಲ್ಪಟ್ಟ ನಕ್ಷತ್ರಗಳ ಆ ಸಾಲು ಸುಮಾರು 3 ಲಕ್ಷ ಜ್ಯೋತಿರ್ವರ್ಷ ಉದ್ದವಿದ್ದು, ನಮ್ಮ ಆಕಾಶದಲ್ಲಿ ಹೆಚ್ಚುಕಡಿಮೆ ಹುಣ್ಣಿಮೆಯ ಚಂದ್ರನ ಅಗಲದಷ್ಟು ಜಾಗ ಹಿಡಿಯುತ್ತದೆ. ನನಗೆ ಬೇಕಾಗಿದ್ದದ್ದು ಆ ಬಾಲವೇ. ಕಲಬುರಗಿ ಜಿಲ್ಲೆಯ ಅಕ್ಷಾಂಶದಲ್ಲಿ ಈ ಗುಂಪು ನೆತ್ತಿಗೆ ನಾಲ್ಕು ಡಿಗ್ರಿ ದಕ್ಷಿಣದಲ್ಲಿ ಹಾದುಹೋಗುತ್ತದೆಯಾದ್ದರಿಂದ, ಇದಕ್ಕಿಂತ ಒಳ್ಳೆಯ ಜಾಗ ನನಗೆ ಬೇಕಿರಲಿಲ್ಲ.

ಈಗ ಫ್ಲ್ಯಾಟ್ ಎಂದರೇನೆಂದು ಹೊಸಬರಿಗಾಗಿ ಹೇಳಬೇಕು. ಯಾವ ದೂರದರ್ಶಕವೂ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರಿನ ಎಲ್ಲ ಭಾಗಕ್ಕೂ ಸಮನಾಗಿ ಬೆಳಕು ಚೆಲ್ಲುವುದಿಲ್ಲ. ನನ್ನ ದೂರದರ್ಶಕದಲ್ಲಿ ಮೂಲೆಗಳಿಗೆ ಬೀಳುವ ಬೆಳಕು ನಡುವಿನದಕ್ಕಿಂತ ಕಾಲು ಭಾಗದಷ್ಟು ಕಡಿಮೆ. ಇದರ ಜೊತೆಗೆ ಸೆನ್ಸರಿನ ಮುಂದಿನ ಗಾಜಿನ ಮೇಲೆ ಕೂತ ದೂಳಿನ ಪ್ರತಿಯೊಂದು ಕಣವೂ ಒಂದು ಮಬ್ಬು ನೆರಳು ಬೀಳಿಸುತ್ತದೆ. ಒಂದೇ ಸಮನಾಗಿ ಬೆಳಗಿದ ಬಿಳಿ ಮೇಲ್ಮೈಯ ಚಿತ್ರಗಳನ್ನು ಅದೇ ಜೋಡಣೆಯಲ್ಲಿ ತೆಗೆದರೆ ಈ ಎಲ್ಲ ಏರಿಳಿತಗಳ ನಕ್ಷೆ ಸಿಗುತ್ತದೆ. ಗ್ಯಾಲಕ್ಸಿಯ ಚಿತ್ರವನ್ನು ಆ ನಕ್ಷೆಯಿಂದ ಭಾಗಿಸಿದಾಗ ಮೂಲೆಗಳೂ ನೆರಳುಗಳೂ ಸಮವಾಗುತ್ತವೆ. ಚಂದ್ರನ ಚಿತ್ರಕ್ಕೆ ಇದು ಅಷ್ಟಾಗಿ ಬೇಕಾಗುವುದಿಲ್ಲ. ಮಸುಕು ಗ್ಯಾಲಕ್ಸಿಯ ಲೆಕ್ಕವೇ ಬೇರೆ. ಕತ್ತಲೆಯ ಆಕಾಶಕ್ಕೂ ತನ್ನದೇ ಆದ ಹೊಳಪಿದೆ, ಗ್ಯಾಲಕ್ಸಿಯ ಹೊರ ಅಂಚುಗಳು ಅದಕ್ಕಿಂತ ಐದು ಮ್ಯಾಗ್ನಿಟ್ಯೂಡ್ (ಆಕಾಶಕಾಯಗಳ ಹೊಳಪಿನ ಅಳತೆ) ಮಸುಕಾಗಿರುವುದು ಸಾಮಾನ್ಯ, ಮತ್ತು ಐದು ಮ್ಯಾಗ್ನಿಟ್ಯೂಡ್ ಎಂದರೆ ನೂರು ಪಟ್ಟು. ಅಂದರೆ ನಾವು ಹುಡುಕುತ್ತಿರುವುದು ಆಕಾಶದ ಹೊಳಪಿನ ಶೇ. 1ರಷ್ಟು ಬೆಳಕನ್ನು, ಆದರೆ ಒಂದು ದೂಳಿನ ಕಣದ ನೆರಳು ಶೇ. 2 ಅಥವಾ 3ರಷ್ಟು ಇರಬಹುದು. ದಯವಿಟ್ಟು ಈ ಅಂಕಿಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ನಾನು ಇವನ್ನು ಓದಿ ತಿಳಿದಿದ್ದೆನಾದರೂ ಹೊಲದಲ್ಲಿ ನಿಂತಾಗ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ನಾಲ್ಕು ರಾತ್ರಿ ಮೂರು ಮೂರು ನಿಮಿಷಗಳ 268 ಚಿತ್ರಗಳನ್ನು ತೆಗೆದೆ. ಕ್ಯಾಮೆರಾವನ್ನು ನಾಲ್ಕೂ ದಿನ ದೂರದರ್ಶಕದಿಂದ ಕದಲಿಸಲಿಲ್ಲ. ಬೇಸಿಗೆಯ ಸೆಕೆಗೆ ಸೆನ್ಸರ್ ಕಾದು ಚಿತ್ರದ ತುಂಬ ಬಣ್ಣದ ಚುಕ್ಕೆಗಳು ಏಳುತ್ತವೆಂದು ಅವನ್ನು ಕಳೆಯಲು ಮುಚ್ಚಳ ಹಾಕಿ ತೆಗೆಯುವ ಡಾರ್ಕ್ ಚಿತ್ರಗಳನ್ನು ಪ್ರತಿ ರಾತ್ರಿಯೂ ತಪ್ಪದೆ ತೆಗೆದೆ, ಏಕೆಂದರೆ ಆ ದೋಷ ಕಣ್ಣಿಗೆ ಎದ್ದು ಕಾಣುತ್ತದೆ. ಫ್ಲ್ಯಾಟ್‌ಗಳನ್ನು ಕೊನೆಯ ದಿನ ಬೆಳಗಿನ ಜಾವದ ತಿಳಿ ಬೆಳಕಿನಲ್ಲಿ ತೆಗೆಯುವುದೆಂದು ಇಟ್ಟುಕೊಂಡಿದ್ದೆ. ಆದರೆ ಕೊನೆಯ ರಾತ್ರಿ ಎರಡೂವರೆಗೆ ಗ್ಯಾಲಕ್ಸಿಗಳು ಪಶ್ಚಿಮಕ್ಕೆ ಇಳಿಯತೊಡಗಿದ್ದವು, ಬೆಳಕಾಗಲು ಇನ್ನೂ ಮೂರು ತಾಸಿತ್ತು, ಮತ್ತು ಹತ್ತು ಗಂಟೆಗೆ ನಾನು ಕಚೇರಿಯಲ್ಲಿರಬೇಕಿತ್ತು. "ಇನ್ನೂ ಏನರ ತಗಿಯೋದೈತೇನು?" ಎಂದು ಗೆಳೆಯ ಕೇಳಿದಾಗ, ಡಿಸೆಂಬರಿನಲ್ಲಿ ತೆಗೆದ ಫ್ಲ್ಯಾಟ್‌ಗಳು ಲ್ಯಾಪ್‌ಟಾಪಿನಲ್ಲಿವೆ, ಅವೇ ಸಾಕು ಎಂದೆ. ದೂರದರ್ಶಕ ಅದೇ, ಕ್ಯಾಮೆರಾ ಅದೇ, ಹೊಲವೂ ಅದೇ ಎಂಬುದು ನನ್ನ ಸಮಾಧಾನವಾಗಿತ್ತು. ಕ್ಯಾಮೆರಾ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಊರಿಗೆ ಮರಳಿದೆ.

ವಾರದ ನಂತರ ಚಿತ್ರಗಳನ್ನೆಲ್ಲ ಒಂದರ ಮೇಲೊಂದು ಕೂಡಿಸಿ, ಹಿನ್ನೆಲೆಯ ಮಸುಕು ಬೆಳಕು ಎದ್ದು ಕಾಣುವಂತೆ ಹಿಗ್ಗಿಸಿ ನೋಡಿದಾಗ, ಎನ್‌ಜಿಸಿ 3628ರ ಪೂರ್ವ ತುದಿಯಿಂದ ಹೊರಟ ಒಂದು ತೆಳು ಬೆಳಕಿನ ಗೆರೆ ಕಾಣಿಸಿತು. ಅದು ಅಲ್ಲಿರಬೇಕೆಂದು ನನಗೆ ಗೊತ್ತಿತ್ತು, ಅಲ್ಲಿಯೇ ಇತ್ತು. ಆ ಸಂಜೆಯ ಸಂತೋಷವನ್ನು ನಾನು ಮರೆಯಲಾರೆ. ದೊಡ್ಡದಾಗಿ ಮುದ್ರಿಸಿ, ಅಣ್ಣನ ಮಗಳು ಓದುವ ಶಾಲೆಗೆ ಒಯ್ದು, ಗುರುತ್ವಾಕರ್ಷಣೆಯ ಪಾಠದ ಜೊತೆಗೆ ಅದನ್ನು ವಿವರಿಸಿದೆ. ಶಿಕ್ಷಕರು ಅದನ್ನು ವಿಜ್ಞಾನ ಕೊಠಡಿಯ ಗೋಡೆಗೆ ಹಾಕಿದರು.

ಅನುಮಾನ ಬಂದದ್ದು ಬಾಲದ ಬಾಗಿನಿಂದ. ಅನುಭವಿಗಳು ತೆಗೆದ ಚಿತ್ರಗಳಲ್ಲಿ ಆ ಬಾಲ ಪೂರ್ವಕ್ಕೆ ನೀಳವಾಗಿ ಸಾಗುತ್ತದೆ, ನನ್ನದು ತುದಿಯಲ್ಲಿ ದಕ್ಷಿಣಕ್ಕೆ ಕೊಕ್ಕೆಯಂತೆ ತಿರುಗಿತ್ತು. ಕೆಲವು ದಿನ ಇದಕ್ಕೆ ಏನೇನೋ ಕಾರಣ ಕಟ್ಟಿಕೊಂಡೆ. ಕೊನೆಗೆ ಒಂದು ಪರೀಕ್ಷೆ ಮಾಡಿದೆ, ಅದನ್ನು ನೀವೂ ಕಲಿತುಕೊಳ್ಳಿ. ದೂರದರ್ಶಕವನ್ನು ಹೊತ್ತು ಆಕಾಶದ ಜೊತೆ ತಿರುಗಿಸುವ ನನ್ನ ಮೌಂಟ್ ಜರ್ಮನ್ ಮಾದರಿಯದು. ಗ್ಯಾಲಕ್ಸಿ ಮಧ್ಯಾಹ್ನರೇಖೆಯನ್ನು (ಉತ್ತರದಿಂದ ದಕ್ಷಿಣಕ್ಕೆ ನೆತ್ತಿಯ ಮೇಲೆ ಹಾಯುವ ರೇಖೆ) ದಾಟಿದ ಮೇಲೆ ದೂರದರ್ಶಕವನ್ನು ಮೌಂಟಿನ ಮತ್ತೊಂದು ಬದಿಗೆ ಹೊರಳಿಸಬೇಕಾಗುತ್ತದೆ, ಹಾಗೆ ಹೊರಳಿಸಿದಾಗ ಸೆನ್ಸರಿನ ಮೇಲೆ ಆಕಾಶ 180 ಡಿಗ್ರಿ ತಿರುಗುತ್ತದೆ. ಚಿತ್ರಗಳನ್ನು ಕೂಡಿಸುವ ಸ್ಟ್ಯಾಕಿಂಗ್ ತಂತ್ರಾಂಶ ನಕ್ಷತ್ರಗಳನ್ನು ಗುರುತಿಸಿ ಎಲ್ಲ ಚಿತ್ರಗಳನ್ನೂ ಒಂದೇ ದಿಕ್ಕಿಗೆ ತರುತ್ತದೆ. ಹೊರಳಿಸುವ ಮುಂಚಿನ 71 ಚಿತ್ರಗಳನ್ನೂ ನಂತರದ 197 ಚಿತ್ರಗಳನ್ನೂ ಬೇರೆ ಬೇರೆಯಾಗಿ ಕೂಡಿಸಿ ಅಕ್ಕಪಕ್ಕ ಇಟ್ಟೆ. ಮೂರು ಗ್ಯಾಲಕ್ಸಿಗಳು ಎರಡರಲ್ಲೂ ಒಂದೇ ಜಾಗದಲ್ಲಿದ್ದವು. ಬಾಲ ಮಾತ್ರ ಎರಡನೆಯದರಲ್ಲಿ ಗ್ಯಾಲಕ್ಸಿಗೆ ಅಂಟಿಕೊಂಡಿತ್ತು, ಮೊದಲನೆಯದರಲ್ಲಿ ಚಿತ್ರದ ಎದುರು ಮೂಲೆಯ ಕಡೆಗೆ ಹೋಗಿ ತಲೆಕೆಳಗಾಗಿ ನಿಂತಿತ್ತು. ಆಕಾಶದಲ್ಲಿರುವ ಯಾವ ವಸ್ತುವೂ ಹಾಗೆ ಜಾಗ ಬದಲಿಸುವುದಿಲ್ಲ.

ಡಿಸೆಂಬರಿನ ಫ್ಲ್ಯಾಟನ್ನು ತೆರೆದು ನೋಡಿದಾಗ ಕಾರಣ ಎದುರಿಗೇ ಇತ್ತು. ಸೆನ್ಸರಿನ ಮೇಲೆ ಆಗ ಒಂದು ಎಳೆ ಕೂತಿತ್ತು. ಬಟ್ಟೆಯದೋ ಹತ್ತಿಯದೋ ಇರಬೇಕು, ಐದಾರು ಮಿಲಿಮೀಟರ್ ಉದ್ದ, ಒಂದು ತುದಿ ಕೊಕ್ಕೆಯಂತೆ ಬಾಗಿದೆ. ಫ್ಲ್ಯಾಟಿನಲ್ಲಿ ಅದು ಮಬ್ಬಾದ ಕಪ್ಪು ಗೆರೆಯಾಗಿ ಬಿದ್ದಿದೆ. ಜನವರಿಯಲ್ಲಿ ನೆಂಟರ ಮದುವೆಗೆಂದು ಕ್ಯಾಮೆರಾ ಒಯ್ಯುವಾಗ ನಾನೇ ರಬ್ಬರ್ ಬ್ಲೋವರಿನಿಂದ ಸೆನ್ಸರ್ ಊದಿ ಸ್ವಚ್ಛ ಮಾಡಿದ್ದೆ. ಎಳೆ ಆಗಲೇ ಹಾರಿಹೋಗಿತ್ತು. ಮಾರ್ಚ್ ಚಿತ್ರಗಳಲ್ಲಿ ಇಲ್ಲದ ನೆರಳನ್ನು ಇದೆಯೆಂದು ತಿಳಿದ ಹಳೆಯ ಫ್ಲ್ಯಾಟ್, ಭಾಗಾಕಾರ ಮಾಡುವಾಗ ಆ ಜಾಗವನ್ನು ಹೆಚ್ಚು ಬೆಳಗಿಸಿತು. ಹಾರಿಹೋದ ಎಳೆಯ ಅಚ್ಚೇ ನಾನು ಮಕ್ಕಳಿಗೆ ತೋರಿಸಿದ ಬಾಲ. ಹಳೆಯ ಫ್ಲ್ಯಾಟ್ ಕೆಲಸ ಮಾಡದೆ ಸುಮ್ಮನಿರುತ್ತದೆಂದು ತಿಳಿಯಬೇಡಿ. ಅದು ಹೊಸ ದೂಳಿನ ನೆರಳನ್ನು ಉಳಿಸುತ್ತದೆ, ಹಳೆಯ ದೂಳಿನ ಜಾಗದಲ್ಲಿ ಸುಳ್ಳು ಬೆಳಕನ್ನು ಬರೆಯುತ್ತದೆ.

ಚಿತ್ರವನ್ನು ಉಳಿಸಿಕೊಳ್ಳಲು ನಾನು ಪಟ್ಟ ಪಾಡನ್ನು ಚಿಕ್ಕದಾಗಿ ಹೇಳುತ್ತೇನೆ. ಫ್ಲ್ಯಾಟ್ ಬಿಟ್ಟು ಕೂಡಿಸಿದರೆ ಮೂಲೆಗಳ ಕಪ್ಪೂ ಮಾರ್ಚ್ ತಿಂಗಳ ದೂಳಿನ ಉಂಗುರಗಳೂ ಬಾಲವಿರಬೇಕಾದ ಜಾಗವನ್ನೇ ನುಂಗಿದವು. ಹಿನ್ನೆಲೆಯನ್ನು ಸಮ ಮಾಡುವ ತಂತ್ರಾಂಶಕ್ಕೆ ಕೊಟ್ಟರೆ ಅದು ದೋಷದ ಜೊತೆಗೆ ಗ್ಯಾಲಕ್ಸಿಯ ನಿಜವಾದ ಹೊರ ಅಂಚನ್ನೂ ಒರೆಸಿಹಾಕಿತು, ಏಕೆಂದರೆ ಅಷ್ಟು ಮಸುಕಿನಲ್ಲಿ ಎರಡರ ನಡುವಿನ ವ್ಯತ್ಯಾಸ ಅದಕ್ಕೆ ತಿಳಿಯುವಂತಿಲ್ಲ. ಕ್ಯಾಮೆರಾವನ್ನು ಮತ್ತೆ ಜೋಡಿಸಿ ಫ್ಲ್ಯಾಟ್ ತೆಗೆದೆ. ಬಿಚ್ಚಿದ ಮೇಲೆ ತಿರುವಿನ ಕೋನವೂ ಫೋಕಸ್ಸೂ ದೂಳೂ ಬದಲಾಗಿದ್ದರಿಂದ ಅದೂ ಹೊಂದಲಿಲ್ಲ. ಅಷ್ಟರಲ್ಲಿ ಬೇಸಿಗೆಯ ಮಬ್ಬು ಕವಿಯಿತು, ಜೂನಿಗೆ ಮಳೆ ಹಿಡಿಯಿತು, ಸಿಂಹ ರಾಶಿ ಸಂಜೆಯ ಪಶ್ಚಿಮಕ್ಕೆ ಇಳಿದುಹೋಯಿತು.

ಈಗ ನಾನು ಅನುಸರಿಸುವ ಕ್ರಮ ಹೀಗಿದೆ. ಕೊನೆಯ ಚಿತ್ರ ಮುಗಿದ ಕೂಡಲೇ, ಫೋಕಸ್ ಮುಟ್ಟದೆ, ಕ್ಯಾಮೆರಾ ತಿರುಗಿಸದೆ, ದೂರದರ್ಶಕವನ್ನು ನೆತ್ತಿಗೆ ನೇರವಾಗಿಸಿ ಅದರ ಬಾಯಿಗೆ ನಮ್ಮಪ್ಪನ ಹಳೆಯ ಬಿಳಿ ಧೋತರವನ್ನು ಎರಡು ಮಡಿಕೆ ಮಾಡಿ ಸುಕ್ಕಿಲ್ಲದಂತೆ ಬಿಗಿದು ಕಟ್ಟುತ್ತೇನೆ. ಬೆಳಗಿನವರೆಗೆ ಕಾಯಲಾಗದಿದ್ದರೆ ಅದರ ಮೇಲೆ ಚಿತ್ರ ನಕಲು ಮಾಡಲು ಬಳಸುವ ಎಲ್‌ಇಡಿ ಹಲಗೆಯನ್ನು ಕವುಚಿ ಇಡುತ್ತೇನೆ. ಹಲಗೆಯ ಬೆಳಕು ಮಿನುಗುವುದರಿಂದ ಎಕ್ಸ್‌ಪೋಷರ್ (ಸೆನ್ಸರನ್ನು ಬೆಳಕಿಗೆ ತೆರೆದಿಡುವ ಸಮಯ) ತೀರ ಚಿಕ್ಕದಾದರೆ ಚಿತ್ರದಲ್ಲಿ ಪಟ್ಟೆಗಳು ಬರುತ್ತವೆ; ನಡುವೆ ಬಿಳಿ ಹಾಳೆಗಳನ್ನು ಸೇರಿಸಿ ಬೆಳಕು ತಗ್ಗಿಸಿ, ಎಕ್ಸ್‌ಪೋಷರನ್ನು ಅರ್ಧ ಸೆಕೆಂಡಿನ ಹತ್ತಿರಕ್ಕೆ ತರುತ್ತೇನೆ. ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮಿನ ಗುಡ್ಡ ನಡುವಿಗಿಂತ ಸ್ವಲ್ಪ ಎಡಕ್ಕೆ ಇರುವಂತೆ ನೋಡಿಕೊಂಡು, ಗ್ಯಾಲಕ್ಸಿಯ ಚಿತ್ರಗಳಿಗೆ ಬಳಸಿದ ಅದೇ ಐಎಸ್‌ಒದಲ್ಲಿ (ಕ್ಯಾಮೆರಾದ ಸಂವೇದನೆಯ ಮಟ್ಟ) ನಲವತ್ತು ಚಿತ್ರ, ನಂತರ ಮುಚ್ಚಳ ಹಾಕಿ ಅಷ್ಟೇ ಎಕ್ಸ್‌ಪೋಷರಿನ ನಲವತ್ತು ಚಿತ್ರ. ಎಲ್ಲ ಸೇರಿ ಕಾಲು ತಾಸು ಸಾಕು. ಮುದ್ರಿಸುವ, ಹಂಚಿಕೊಳ್ಳುವ ಮುಂಚೆ ಹೊರಳಿಸುವ ಹಿಂದಿನ ಮತ್ತು ಮುಂದಿನ ಚಿತ್ರಗಳನ್ನು ಬೇರೆಯಾಗಿ ಕೂಡಿಸಿ ತಾಳೆ ನೋಡುತ್ತೇನೆ. ಎರಡರಲ್ಲೂ ಒಂದೇ ಜಾಗದಲ್ಲಿ ಕಾಣದ ಬೆಳಕನ್ನು ಗ್ಯಾಲಕ್ಸಿಯದೆಂದು ಹೇಳುವುದಿಲ್ಲ.

ಶಾಲೆ ಮತ್ತೆ ತೆರೆದ ಮೇಲೆ ಹೋಗಿ ವಿಷಯ ತಿಳಿಸಿದೆ. ಎಳೆಯಿದ್ದ ಫ್ಲ್ಯಾಟನ್ನೂ ಬೇರೆ ಮಾಡಿದ ಎರಡು ಚಿತ್ರಗಳನ್ನೂ ಮುದ್ರಿಸಿ ಒಯ್ದಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಹಂಗಾರ ಆ ಬಾಲ ಖರೇನ ಇಲ್ಲೇನ್ರಿ ಸರ್?" ಎಂದು ಕೇಳಿದಳು. ಇದೆ, ಆದರೆ ನನ್ನ ಚಿತ್ರದಲ್ಲಿ ಇನ್ನೂ ಬಂದಿಲ್ಲ ಎಂದೆ. ಶಿಕ್ಷಕರ ಒಪ್ಪಿಗೆ ಪಡೆದು ಗೋಡೆಯಿಂದ ಹಳೆಯ ಚಿತ್ರವನ್ನು ಇಳಿಸಿ, ಆ ಜಾಗಕ್ಕೆ ಈ ಮೂರು ಮುದ್ರಣಗಳನ್ನು ಅಂಟಿಸಿ ಬಂದೆ.