ಶೇಕ್-ಫ್ಲಾಸ್ಕೋ ಲೇಸರೋ: ಮೂರು ದಿನ ಕಾಯೋದೇ ವಾಸಿ

ಔಷಧಿ ಎಷ್ಟು ಕರಗುತ್ತದೆ ಅಂತ ಅಳೆಯುವ ಎರಡು ವಿಧಾನಗಳಲ್ಲಿ, ಮೊದಲೇ ಹೇಳಿಬಿಡುತ್ತೇನೆ, ನಾನು ಶೇಕ್-ಫ್ಲಾಸ್ಕ್ ಕಡೆಯವನು. ಆಸೆಪಟ್ಟು ಲೇಸರ್ ಸೆಟಪ್ ತೆಗೆದುಕೊಂಡು, ಕೈ ಸುಟ್ಟುಕೊಂಡು ವಾಪಸ್ ಬಂದವನು.

ಕೆಲಸ ಇಷ್ಟೇ. ನೀರು-ಎಥನಾಲ್ ಮಿಶ್ರಣದಲ್ಲಿ ಕಾರ್ಬಮಾಜೆಪೈನ್ ಅನ್ನುವ ಮೂರ್ಛೆರೋಗದ ಔಷಧಿ ಎಷ್ಟು ಕರಗುತ್ತದೆ ಅಂತ 25 ಡಿಗ್ರಿಯಲ್ಲಿ ಅಳೆಯಬೇಕು. ಶೇಕ್-ಫ್ಲಾಸ್ಕ್ ಅಂದರೆ ಪುಡಿ ಜಾಸ್ತಿಯೇ ಸುರಿದು, ಮೂರು ದಿನ ಅಲುಗಾಡಿಸಿ, ಫಿಲ್ಟರ್ ಮಾಡಿ, ಕರಗಿದ್ದೆಷ್ಟು ಅಂತ ಯುವಿ (ನೇರಳಾತೀತ ಬೆಳಕಿನ) ಯಂತ್ರದಲ್ಲಿ ಓದುವುದು. ಲೇಸರ್‌ನಲ್ಲಿ ತೂಕ ಮಾಡಿದ ಪುಡಿಯನ್ನು ಚಿಟಿಕೆ ಚಿಟಿಕೆ ಹಾಕುತ್ತಾ ಹೋಗುತ್ತೇವೆ. ಕರಗದ ಕಣ ಬೆಳಕಿಗೆ ಅಡ್ಡ ಬರುತ್ತದೆ. ಇಳಿದ ರೀಡಿಂಗ್ ಮತ್ತೆ ಏರದಿದ್ದರೆ ಅದೇ ಮಿತಿ. ಮಧ್ಯಾಹ್ನದೊಳಗೆ ಕೆಲಸ ಮುಗಿಯುತ್ತದೆ, ಅದನ್ನು ಒಪ್ಪಬೇಕು.

ಎಥನಾಲ್ ಜಾಸ್ತಿ ಇದ್ದ ಕಡೆ ಎರಡರ ಅಂಕಿಯೂ ಹೊಂದುತ್ತಿತ್ತು. ನೀರು ಜಾಸ್ತಿಯಾದ ಕಡೆ ಮಾತ್ರ ಲೇಸರ್ ಅಂಕಿ ಪ್ರತಿ ಸಲ ಮೇಲೆ. ತಕ್ಕಡಿ ಸರಿಯಿಲ್ಲ ಅಂದುಕೊಂಡೆ. ಗಾಳಿಗುಳ್ಳೆ ಅಂದುಕೊಂಡೆ. ಫಿಲ್ಟರ್ ಔಷಧಿ ಹೀರಿಕೊಳ್ಳುತ್ತಿದೆಯೇನೋ ಅಂತ ಮೊದಲ ಹನಿಗಳನ್ನು ಚೆಲ್ಲಿಯೂ ನೋಡಿದೆ. ಊಹೂಂ.

ಒಂದು ಸಂಜೆ ಸೋಮಾರಿತನದಿಂದ ಲೇಸರ್ ಪಾತ್ರೆ ತೊಳೆಯದೆ ಹೋದೆ. ಬೆಳಿಗ್ಗೆ ನೋಡಿದರೆ ತಳದಲ್ಲಿದ್ದ ಪುಡಿ ಮಾಯ, ಅದರ ಜಾಗದಲ್ಲಿ ಹತ್ತಿಯಂಥ ಬಿಳಿ ಸೂಜಿಗಳು. ಡೈಹೈಡ್ರೇಟ್! ಕಾರ್ಬಮಾಜೆಪೈನ್ ನೀರಿನಲ್ಲಿ ನೆನೆದರೆ ಅಣುವಿಗೆ ಎರಡರಂತೆ ನೀರಿನ ಅಣು ಸೇರಿಸಿಕೊಂಡು ಬೇರೆ ಹರಳಾಗುತ್ತದೆ. ಆ ಹರಳು ನೀರಲ್ಲಿ ಕರಗುವುದು ಕಡಿಮೆ. ಲೇಸರ್ ಅಳೆದದ್ದು ನಾನು ಹಾಕಿದ ಪುಡಿಯನ್ನು. ಶೇಕ್-ಫ್ಲಾಸ್ಕ್ ಅಳೆದದ್ದು ಮೂರು ದಿನದ ಮೇಲೆ ತಳದಲ್ಲಿ ಉಳಿದದ್ದನ್ನು.

ಮಿಶ್ರಣದ ಪ್ರಮಾಣ ಬದಲಾದಂತೆ ಔಷಧಿ ಎಷ್ಟು ಕರಗುತ್ತದೆ ಅಂತ ಲೆಕ್ಕ ಹಾಕುವ ಜೂಯ್ಬಾನ್-ಎಕ್ರಿ ಸಮೀಕರಣಕ್ಕೆ, ನನ್ನ ಅಂಕಿಗೆ ಹೊಂದುತ್ತಿಲ್ಲ ಅಂತ ವಾರಗಟ್ಟಲೆ ಸುಮ್ನೆ ಬೈದಿದ್ದೆ. ಎರಡೂ ವಿಧಾನದ ಅಂಕಿ ಕಲಸಿ ಕೊಟ್ಟರೆ ಗೆರೆ ಹೇಗೆ ಕೂರುತ್ತದೆ, ಅಲ್ವಾ? ಶೇಕ್-ಫ್ಲಾಸ್ಕ್ ಅಂಕಿ ಮಾತ್ರ ಇಟ್ಟುಕೊಂಡು, ಎಲ್ಲಿ ಯಾವ ಹರಳು ಅಂತ ಬೇರ್ಪಡಿಸಿದ ಮೇಲೆ ಗೆರೆ ದಾರಿಗೆ ಬಂತು. ಇದೇ ಲೆಕ್ಕದ ಇನ್ನೊಂದು ಸರಳ ದಾರಿಯಾದ ಯಾಲ್ಕೋವ್ಸ್ಕಿಯ ಲಾಗ್-ಲೀನಿಯರ್ ಮಾದರಿಗೆ ಬರೀ ನೀರು, ಬರೀ ಎಥನಾಲ್ ಅನ್ನುವ ಎರಡು ತುದಿಯ ಅಂಕಿ ಸಾಕು. ಆದರೆ ಪ್ಯಾರಸಿಟಮಾಲ್ ಥರ, ಬರೀ ಎಥನಾಲ್‌ಗಿಂತ ಸ್ವಲ್ಪ ನೀರು ಬೆರೆತದ್ದರಲ್ಲೇ ಹೆಚ್ಚು ಕರಗುವ ಔಷಧಿಯಲ್ಲಿ ಅದು ದಾರಿ ತಪ್ಪುತ್ತದೆ.

ಶುಕ್ರವಾರ ಸಂಜೆ ವಯಲ್ ತುಂಬಿ, ಸೋಮವಾರ ಫಿಲ್ಟರ್ ಮಾಡುವುದು ನನ್ನ ಅಭ್ಯಾಸ. ಶೇಕರ್, ಯುವಿ ಮೊದಲೇ ಇದ್ದವು, ಹೊಸ ಖರ್ಚಿಲ್ಲ. ವಾರದಲ್ಲೇ ಅಂಕಿ ಬೇಕು, ಹರಳು ಬದಲಾಗದ ಔಷಧಿ ಅನ್ನುವವರಿಗೆ ಲೇಸರ್ ಸರಿಹೋಗಬಹುದು. ನಾನಂತೂ ಈಗ ಪ್ರತಿ ವಯಲ್‌ನ ತಳದ ಗಸಿಯನ್ನು ಸ್ಲೈಡ್ ಮೇಲೆ ಹಾಕಿ, ಸೂಜಿ ಇದೆಯಾ ಅಂತ ನೋಡಿಯೇ ಅಂಕಿ ಬರೆಯುತ್ತೇನೆ.